ಅಪ್ಪನ ಒಲೆ ಲೆಕ್ಕ

ನಮ್ಮ ಕಡೆ ಚುನಾವಣೆ ಬಂತೆಂದರೆ ಯಾರು ಗೆಲ್ಲುತ್ತಾರೆಂದು ತಿಳಿಯಲು ಯಾರೂ ಪೇಪರು ಓದುತ್ತಿರಲಿಲ್ಲ, ರೇಟು ಕೇಳುತ್ತಿದ್ದರು. ಹುಣಸೂರು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಬೆಳಿಗ್ಗೆ ಹುಟ್ಟಿದ ರೇಟು ಮಧ್ಯಾಹ್ನದ ಹೊತ್ತಿಗೆ ಪಿರಿಯಾಪಟ್ಟಣ ಮುಟ್ಟಿ, ಅಲ್ಲಿ ಒಂದಿಷ್ಟು ಬದಲಾಗಿ, ಸಂಜೆಯ ಬಸ್ಸಿನಲ್ಲಿ ಹನಗೋಡಿಗೆ ವಾಪಸು ಬರುತ್ತಿತ್ತು. 'ಒಂದಕ್ಕೆ ಒಂದು' ಎಂದರೆ ಇಬ್ಬರೂ ಸಮ. 'ಎರಡಕ್ಕೆ ಒಂದು' ಎಂದರೆ ಗೆಲ್ಲುವವನ ಕಡೆಯವರು ಬಾಜಿಗೆ ಎರಡು ಇಡಬೇಕು, ಸೋಲುವವನ ಕಡೆಯವರು ಒಂದು ಇಟ್ಟರೆ ಸಾಕು. ಪಾರ್ಲಿಮೆಂಟಿಗೆ ನಿಂತವರ ಮುಖ ನೋಡದ ಹೆಂಗಸರಿಗೂ ರೇಟು ಗೊತ್ತಿರುತ್ತಿತ್ತು. ಹೊಗೆಸೊಪ್ಪಿನ ರೇಟು ಕೇಳುವ ಬಾಯಲ್ಲೇ ಅದನ್ನೂ ಕೇಳುತ್ತಿದ್ದರು.

ನಮ್ಮೂರು ಹನಗೋಡಿನಿಂದ ನಡೆದುಹೋಗುವಷ್ಟು ದೂರ. ಆ ಊರಿನ ಮಟ್ಟಿಗೆ ರೇಟು ಹುಟ್ಟುತ್ತಿದ್ದುದು ನಮ್ಮ ಮನೆಯ ಜಗಲಿಯ ಮೇಲೆ, ಅಪ್ಪನ ಬಾಯಿಂದ. ಅಪ್ಪ ಯಾವ ಪಕ್ಷದ ಮುಖಂಡನೂ ಅಲ್ಲ, ಪಂಚಾಯಿತಿ ಮೆಂಬರೂ ಅಲ್ಲ. ಒಂದಿಷ್ಟು ಗದ್ದೆ, ಒಂದಿಷ್ಟು ಹೊಲ ಇದ್ದ ರೈತ. ಆದರೆ ಅವನಿಗೆ ಒಂದು ವಿದ್ಯೆ ಬರುತ್ತಿತ್ತು, ಅದಕ್ಕೆ ಅವನೇ ಇಟ್ಟ ಹೆಸರು ಒಲೆ ಲೆಕ್ಕ.

"ತಲೆ ಎಣಿಸ್ತಾ ಕೂತ್ರೆ ಮೋಸ ಓಗ್ತೀಯ ಕಣ್ಲಾ, ಒಲೆ ಎಣಿಸು. ಒಂದು ಒಲೇಲಿ ಬೆಂದ ಮುದ್ದೆ ಎಲ್ಲಾ ಒಂದೇ ಕಡೀಕೆ ಉರ್ಳೋದು" ಎಂದು ರೇಟು ಕೇಳಲು ಬಂದ ಹುಡುಗರಿಗೆ ಹೇಳುತ್ತಿದ್ದ.

ಯಾವ ಮನೆಯ ಅಣ್ಣತಮ್ಮಂದಿರು ಬೇರೆ ಒಲೆ ಹೂಡಿದರು, ಯಾವ ಅತ್ತೆ ಸೊಸೆ ಮುನಿಸಿಕೊಂಡು ಎರಡು ಒಲೆ ಉರಿಸುತ್ತಿದ್ದಾರೆ, ಯಾರ ಮನೆಗೆ ಮೊನ್ನೆ ಮದುವೆಯಾಗಿ ಒಂದು ಓಟು ಬಂತು, ಎಲ್ಲ ಅವನ ಬೆರಳ ಗೆಣ್ಣಿನ ಮೇಲೆ ಇರುತ್ತಿತ್ತು. ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಒಮ್ಮೆ ನಡೆದು ಬಂದು, ಜಗಲಿಯ ಮೇಲೆ ಕೂತು, ಎಲೆ ಅಡಿಕೆ ಹಾಕಿಕೊಂಡು ಊರಿನ ಲೀಡು ಹೇಳಿಬಿಡುತ್ತಿದ್ದ. ಲೀಡು ಎಂಬ ಇಂಗ್ಲಿಷ್ ಪದ ನಮ್ಮೂರಿನವರ ಬಾಯಲ್ಲಿ ಎಷ್ಟು ಹಳೆಯದೆಂದರೆ ನನ್ನ ಅಜ್ಜಿ ಅದನ್ನು ಕನ್ನಡವೆಂದೇ ತಿಳಿದಿದ್ದಳು. ಕೆ.ಆರ್. ನಗರದ ಮಿರ್ಲೆ ಕಡೆಯಿಂದಲೂ ಮೋಟಾರ್ ಬೈಕಿನಲ್ಲಿ ಬಂದು ಅಪ್ಪನನ್ನು ಕೇಳಿ ಹೋದವರಿದ್ದಾರೆ. ಬಂದವರಿಗೆಲ್ಲ ಕಾಫಿ ಕಾಯಿಸಿ ಕೊಟ್ಟವಳು ಅವ್ವ. ಒಲೆ ಎಣಿಸುವವನು ಅಪ್ಪ, ಒಲೆ ಊದುವವಳು ಅವ್ವ.

ಅಪ್ಪನ ಈ ಕೀರ್ತಿಗೆ ಒಂದು ಗುಟ್ಟಿತ್ತು, ಅದು ಅವನಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಆಗೆಲ್ಲ ಚೀಟಿಯ ಮೇಲೆ ಮುದ್ರೆ ಒತ್ತಿ ಪೆಟ್ಟಿಗೆಗೆ ಹಾಕುವ ಕಾಲ. ಎಣಿಸುವಾಗ ಹತ್ತಾರು ಊರಿನ ಚೀಟಿಗಳನ್ನು ಒಟ್ಟಿಗೆ ಸುರಿದು ಕಲಸಿಬಿಡುತ್ತಿದ್ದರು. ಯಾವ ಊರು ಯಾರಿಗೆ ಎಷ್ಟು ಹಾಕಿತು ಎಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ಹೀಗಾಗಿ ಅಪ್ಪ ಹೇಳಿದ ಊರಿನ ಲೀಡು ಸುಳ್ಳೆಂದು ತೋರಿಸಲು ಯಾರಿಗೂ ದಾರಿಯೇ ಇರಲಿಲ್ಲ. ಇಷ್ಟು ಅನುಕೂಲ ಇದ್ದರೆ ಯಾರು ಬೇಕಾದರೂ ಜ್ಯೋತಿಷಿಯಾಗಬಹುದು.

ಪೆಟ್ಟಿಗೆ ಹೋಗಿ ಮಿಷನ್ ಬಂದ ವರ್ಷ ಈ ಅನುಕೂಲ ಹೋಯಿತು. ಮಿಷನ್ನಿನಲ್ಲಿ ಬೂತಿಗೆ ಬೂತೇ ಲೆಕ್ಕ ಸಿಗುತ್ತದೆ, ಎಣಿಕೆಗೆ ಕೂತ ಏಜೆಂಟರು ಬರೆದುಕೊಂಡು ಬರಬಹುದು ಎಂದು ಗೊತ್ತಾದ ದಿನದಿಂದ ಬಾಜಿಯ ಬಗೆಯೇ ಬದಲಾಯಿತು. ಡೆಲ್ಲಿಗೆ ಯಾರು ಹೋಗುತ್ತಾರೆ ಎಂಬುದು ಹಿಂದಾಗಿ, ನಮ್ಮೂರ ಬೂತಿನಲ್ಲಿ ಲೀಡು ಯಾರಿಗೆ ಎಂಬುದು ಮುಂದಾಯಿತು. ಅಪ್ಪ ಎಂದಿನಂತೆ ಬೀದಿ ತಿರುಗಿ ಬಂದು, "ನಮ್ಮ ಕಡೀಕೇ ಲೀಡು" ಎಂದ. ರೇಟು ಎರಡಕ್ಕೆ ಒಂದಾಯಿತು.

ಅಪ್ಪ ಅಲ್ಲಿಯವರೆಗೆ ರೇಟು ಹೇಳುತ್ತಿದ್ದನೇ ಹೊರತು ಒಮ್ಮೆಯೂ ಬಾಜಿ ಕಟ್ಟಿದವನಲ್ಲ. ಅದನ್ನೇ ಹಿಡಿದು ಕೆಣಕಿದವನು ಮೇಲಿನ ಬೀದಿಯ ಒಬ್ಬ ಹೊಗೆಸೊಪ್ಪಿನ ಬೆಳೆಗಾರ. ಸೊಪ್ಪು ಬೇಯಿಸುವ ಬ್ಯಾರನ್ ಎರಡಿದ್ದವು ಅವನಿಗೆ, ಅವನು ಆ ಕಡೆಯ ಪಕ್ಷದವನು. ಜಗಲಿಯ ಮುಂದೆ ನಿಂತು, "ಬಾಯಲ್ಲಿ ಬೆಲ್ಲವ ಯಾರು ಬೇಕಾರೂ ಮಾಡ್ತಾರೆ. ಅಷ್ಟು ನಂಬಿಕೆ ಇದ್ರೆ ಕಟ್ಟು ನೋಡನ" ಎಂದ. ಅವನ ಬಳಿ ಒಂದು ಎತ್ತಿತ್ತು, ಅಪ್ಪನ ಉಳಿದ ಒಂಟಿ ಎತ್ತಿಗೆ ಬಣ್ಣದಲ್ಲೂ ಕೊಂಬಿನಲ್ಲೂ ಅಚ್ಚು ಜೋಡಿ. ಅಪ್ಪನ ಇನ್ನೊಂದು ಎತ್ತು ಆ ವರ್ಷವೇ ಸತ್ತಿತ್ತು. ಬೇಸಾಯಕ್ಕೆ ನೆರೆಮನೆಯ ಎತ್ತು ಬೇಡಿ ತರುವುದು ಅವನಿಗೆ ದೊಡ್ಡ ಅವಮಾನವಾಗಿತ್ತು. ಆ ಎತ್ತನ್ನು ಅವನು ನೋಡುತ್ತಿದ್ದ ರೀತಿ ನಾನು ಕಂಡಿದ್ದೇನೆ. ಆಸೆ ಎಂದರೆ ಅದು.

ರೇಟು ಎರಡಕ್ಕೆ ಒಂದು. ಒಂದು ಜೀವ ಗೆಲ್ಲಬೇಕಾದರೆ ಅಪ್ಪ ಎರಡು ಜೀವ ಇಡಬೇಕು. ಕೊಟ್ಟಿಗೆಯ ಕಡೆ ಕೈ ತೋರಿಸಿ, "ಅಸ, ಕರ ಎರಡೂ" ಎಂದುಬಿಟ್ಟ. ಮೂರನೆಯವನೊಬ್ಬನ ಎದುರು ಇಬ್ಬರೂ ಕೈ ಮೇಲೆ ಕೈ ಹಾಕಿದರು. ಅಲ್ಲಿಗೆ ಆಯಿತು, ನಮ್ಮ ಕಡೆ ಅದು ಸಬ್ ರಿಜಿಸ್ಟ್ರಾರ್ ಆಫೀಸಿನ ಸಹಿಗಿಂತ ಗಟ್ಟಿ.

ಆ ಹಸು ಅಪ್ಪನದಲ್ಲ, ಅವ್ವನ ಬಳುವಳಿ. ಎಚ್.ಡಿ. ಕೋಟೆ ಕಡೆಯ ತವರಿನಿಂದ ಮದುವೆಯ ದಿನ ಅವ್ವನ ಜೊತೆ ಗಾಡಿಯ ಹಿಂದೆ ನಡೆದು ಬಂದ ಹಸುವಿನ ಮೊಮ್ಮಗಳು ಅದು. ಬಳುವಳಿ ಹಸುವಿನ ಸಂತತಿಯೂ ಬಳುವಳಿಯೇ, ಗಂಡನಾದವನು ಅದನ್ನು ಮುಟ್ಟುವಂತಿಲ್ಲ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತಿದ್ದ ನ್ಯಾಯ. ಹಾಲು, ಬೆಣ್ಣೆ, ತುಪ್ಪದಲ್ಲಿ ಬಂದದ್ದು ಅವ್ವನ ಕೈಗೇ. ಮಗಳಾದ ನನ್ನ ಕಾಲೇಜಿನ ಬಸ್ ಪಾಸು ಆ ಹಸುವಿನ ಕೆಚ್ಚಲಿನಿಂದ ಬಂದದ್ದು. ಅಷ್ಟೇ ಅಲ್ಲ, ಅವ್ವ ತನ್ನ ತಾಯಿಯ ಸುದ್ದಿ ಮಾತಾಡುತ್ತಿದ್ದುದೂ ಅದರ ಮೈ ಉಜ್ಜುವಾಗ ಮಾತ್ರ.

ಬಾಜಿಯ ಸುದ್ದಿ ಅವ್ವನಿಗೆ ಹೇಳಿದವಳು ಎದುರುಮನೆ ಅತ್ತೆ. ಸೋದರತ್ತೆಯೇನಲ್ಲ, ಅಪ್ಪನನ್ನು ಅಣ್ಣಯ್ಯ ಎನ್ನುತ್ತಿದ್ದುದರಿಂದ ನನಗೆ ಅತ್ತೆ. ಗಂಡ ತೀರಿಕೊಂಡವಳು, ಒಬ್ಬನೇ ಮಗ. ಅವರ ಹೊಲಕ್ಕೆ ನಮ್ಮ ಹೊಲದ ಬದುವಿನ ಮೇಲೇ ದಾರಿ. ನಾಟಿಗೆ, ಕಳೆಗೆ ಅವರು ನಮಗೆ ಬಂದರೆ ನಾವು ಅವರಿಗೆ ಹೋಗುವ ಮುಯ್ಯಾಳಿನ ಬಳಕೆ. ಬೀದಿ ನಲ್ಲಿಯ ಹತ್ತಿರ ಬಿಂದಿಗೆ ಇಟ್ಟುಕೊಂಡು ಅವಳು ಪಿಸುಗುಟ್ಟಿದ್ದನ್ನು ಕೇಳಿಸಿಕೊಂಡ ಅವ್ವ, ನೀರು ತುಂಬುವ ಮೊದಲೇ ಮನೆಗೆ ಬಂದಳು.

"ಅಸವ ಬಾಜಿಗಿಕ್ಕಿದ್ದೀರಂತೆ."

"ಸೋತ್ರೆ ತಾನೆ ಕಣಮ್ಮಿ? ಒಲೆ ಒಲೆ ಎಣಿಸಿದ್ದೀನಿ. ಮುಂಗಾರು ವೊತ್ಗೆ ಜೋಡಿ ಎತ್ತು ಕೊಟ್ಗೇಲಿರ್ತವೆ ನೋಡು."

"ನನ್ನ ಒಂದ್ ಮಾತು ಕೇಳುದ್ರಾ?"

ಅಪ್ಪ ನಕ್ಕ. ಕೆಟ್ಟ ನಗುವಲ್ಲ, ಗೆದ್ದೇ ಗೆಲ್ಲುವವನ ನಗು. ಅವ್ವ ಮತ್ತೆ ನಲ್ಲಿಯ ಕಡೆ ಹೊರಟಳು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಇವರ ದೊಡ್ಡಸ್ತಿಕೆಗೆ ನಮ್ಮವ್ವನ ಹಸುವೇ ಬೇಕಿತ್ತೇ ಎಂದು ಗೊಣಗಿಕೊಂಡು ಕಾಲೇಜಿಗೆ ಹೋದೆ.

ಓಟಿನ ದಿನ ಊರಿನ ಸ್ಕೂಲಿನಲ್ಲಿ ಬೂತು. ಅಸೆಂಬ್ಲಿಗೊಂದು, ಪಾರ್ಲಿಮೆಂಟಿಗೊಂದು ಎಂದು ಎರಡು ಮಿಷನ್ ಇಟ್ಟಿದ್ದರು, ಬಾಜಿ ಇದ್ದದ್ದು ಪಾರ್ಲಿಮೆಂಟಿನದರ ಮೇಲೆ. ನನಗೆ ಅದೇ ಮೊದಲ ಓಟು. ಅಜ್ಜಿಗೆ ಕಣ್ಣು ಪೂರಾ ಹೋಗಿದ್ದರಿಂದ ಅವ್ವ ಅವಳನ್ನು ಒಳಗೆ ಕರೆದುಕೊಂಡು ಹೋಗಿ, ಅಜ್ಜಿಯ ಓಟನ್ನೂ ತಾನೇ ಒತ್ತಿ ಬಂದಳು. ಹೊರಗೆ ಬೇವಿನ ಮರದಡಿ ನಿಂತಿದ್ದ ಅಪ್ಪ ಒಂದೊಂದು ಮನೆಯವರು ಹೊರಬಂದಂತೆ ಬೆರಳು ಮಡಿಚುತ್ತಿದ್ದ. ನಾವು ಬಂದಾಗ ನಮ್ಮ ಮುಖ ಕೂಡ ನೋಡದೆ ಬೆರಳು ಮಡಿಚಿದ. ಸ್ವಂತ ಒಲೆಯನ್ನು ಯಾರು ಪರೀಕ್ಷೆ ಮಾಡುತ್ತಾರೆ?

ಎಣಿಕೆ ಮುಗಿದು ನಮ್ಮೂರ ಏಜೆಂಟು ಹುಡುಗರು ಬಂದು ಹೇಳಿದರು, ಲೀಡು ಆ ಕಡೆಗೆ. ಅದೂ ಬರೀ ಮೂರು ಓಟು.

ಮೂರು ನೂರಾಗಿದ್ದರೆ ಅಪ್ಪ ತಲೆ ಬಗ್ಗಿಸಿಬಿಡುತ್ತಿದ್ದನೇನೋ. ಮೂರೇ ಮೂರು ಎಂದಾಗ ಅವನಿಗೆ ತಡೆಯಲಾಗಲಿಲ್ಲ. ಎರಡು ಓಟು ಆ ಕಡೆಯಿಂದ ಈ ಕಡೆಗೆ ಬಂದಿದ್ದರೆ ಬಾಜಿ ಅವನದು. ಹಾಗಾದರೆ ತಪ್ಪಿದ್ದು ಲೆಕ್ಕವಲ್ಲ, ಯಾವುದೋ ಒಂದು ಒಲೆ ಕೊಟ್ಟ ಮಾತಿಗೆ ತಪ್ಪಿದೆ. ಆ ಒಲೆ ಯಾವುದೆಂದು ತಿಳಿಯುವ ತನಕ ಹಸುವಿನ ಹಗ್ಗ ಬಿಚ್ಚುವುದಿಲ್ಲ ಎಂದು ಕೂತ. ಬ್ಯಾರನ್ನಿನವನು, "ನಿಧಾನಕ್ಕೆ ಉಡುಕ್ಕೊ, ಅಸ ಎಲ್ಲೂ ಓಗಲ್ಲ" ಎಂದು ಹೇಳಿ ಹೋದ. ಅವನ ಆ ಮರ್ಯಾದೆ ಅಪ್ಪನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಅಪ್ಪ ಮತ್ತೆ ಬೀದಿ ತಿರುಗಿದ. ಈ ಸಲ ಜನ ಅವನನ್ನು ಕಂಡರೆ ಒಳಗೆ ಸರಿಯುತ್ತಿದ್ದರು. ಎಲ್ಲಾ ಒಲೆಗಳನ್ನೂ ಸೋಸಿ ಕೊನೆಗೆ ಅವನ ಅನುಮಾನ ನಿಂತದ್ದು ಎದುರುಮನೆಯ ಮೇಲೆ. ಅತ್ತೆಯ ಮಗ ಆ ಪಕ್ಷದವರ ಜೀಪಿನಲ್ಲಿ ಕೂತಿದ್ದನ್ನು ಯಾರೋ ಕಂಡಿದ್ದರು. ಅವಳ ತವರಿನವರೂ ಆ ಪಕ್ಷದವರೇ. ಅಪ್ಪ ಓಟು ಕೇಳಲು ಹೋದಾಗ, "ಆಯ್ತು ಬುಡಣ್ಣಯ್ಯ" ಎಂದು ಅವಳು ಹೇಳಿದ್ದಳು. ಆ 'ಆಯ್ತು ಬುಡು' ಎಂಬ ಮಾತನ್ನು ಅಪ್ಪ ಮಾತು ಕೊಟ್ಟ ಹಾಗೆ ಎಂದು ಹಿಡಿದುಕೊಂಡ. ನಮ್ಮ ಹೆಂಗಸರು ದಿನಕ್ಕೆ ನೂರು ಸಲ ಆ ಮಾತು ಹೇಳುತ್ತಾರೆ. ಎದುರಿಗೆ ನಿಂತವನು ಸದ್ಯ ಹೋದರೆ ಸಾಕು ಎನ್ನುವುದಕ್ಕೂ ಅದೇ ಮಾತು.

"ಗುಡಿ ಮುಂದೆ ಕರ್ಪೂರ ಆರ್ಸಲಿ" ಎಂದ ಅಪ್ಪ.

ನಮ್ಮೂರ ಮಾರಮ್ಮನ ಗುಡಿಯ ಮುಂದೆ ಕಲ್ಲಿನ ಮೇಲೆ ಕರ್ಪೂರ ಹಚ್ಚಿ, ಆಣೆ ಹೇಳಿ, ಅಂಗೈಯಿಂದ ಆ ಉರಿ ಆರಿಸಿದರೆ ಆ ಮಾತು ಮುಗಿದ ಹಾಗೆ. ಸುಳ್ಳಾಣೆ ಮಾಡಿದವರ ಮನೆಯ ದೀಪವೂ ಹಾಗೆಯೇ ಆರುತ್ತದೆ ಎಂಬ ಭಯ. ಒಬ್ಬನೇ ಮಗನ ವಿಧವೆಗೆ ಇದು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆರಿಸದೆ ಹೋದರೆ ಮಾತು ತಪ್ಪಿದವಳು ಎಂದು ಊರಿಗೆಲ್ಲ ಆಗುತ್ತದೆ. ಬದುವಿನ ದಾರಿ ಮುಚ್ಚುತ್ತೇನೆ, ಮುಯ್ಯಾಳು ನಿಲ್ಲಿಸುತ್ತೇನೆ ಎಂದು ಅಪ್ಪ ಆಗಲೇ ಹೇಳಿಬಿಟ್ಟಿದ್ದ. ಆ ದಾರಿಯಿಲ್ಲದೆ ಅವರ ಹೊಲಕ್ಕೆ ಒಂದು ಗಾಡಿ ಗೊಬ್ಬರವೂ ಹೋಗುವಂತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಊರ ಯಜಮಾನರು ನಾಲ್ಕು ಜನ ಸೇರಿದರು. ಅವರಿಗೂ ಇದು ಇಷ್ಟವಿರಲಿಲ್ಲ. ಒಬ್ಬರು, "ಓಟು ಅನ್ನೋದು ಗುಟ್ಟು ಕಣಪ್ಪ, ಅದುಕ್ಯಾಕೆ ಆಣೆ" ಎಂದು ಮೆಲ್ಲಗೆ ಹೇಳಿಯೂ ನೋಡಿದರು. ಅಪ್ಪ ಕೇಳಲಿಲ್ಲ. ಅವನ ಮುಖ ನೋಡಲಾಗುತ್ತಿರಲಿಲ್ಲ. ಎತ್ತಿನ ಆಸೆ, ಹಸುವಿನ ನಷ್ಟ ಎರಡನ್ನೂ ದಾಟಿ ಅವನು ಬೇರೆಯೇ ಯಾವುದನ್ನೋ ಉಳಿಸಿಕೊಳ್ಳಲು ನೋಡುತ್ತಿದ್ದ. ಇಷ್ಟು ವರ್ಷ ಊರಿನ ಮನಸ್ಸು ನನಗೆ ಗೊತ್ತು ಎಂದುಕೊಂಡಿದ್ದನಲ್ಲ, ಆ ನಂಬಿಕೆಯನ್ನು.

ಕರ್ಪೂರ ಹಚ್ಚಿದರು. ಎದುರುಮನೆ ಅತ್ತೆ ಮುಂದೆ ಬಂದಳು. ಅಪ್ಪ ಹೇಳಿದ ಗುರುತಿಗೇ ಒತ್ತಿದೆ ಎನ್ನುತ್ತಿದ್ದಳು, ಅದು ನಿಜವೋ ಸುಳ್ಳೋ ನನಗೆ ಈಗಲೂ ಗೊತ್ತಿಲ್ಲ. ಮಗನ ಮುಖ ಒಮ್ಮೆ ನೋಡಿದಳು. ಕೈ ಮುಂದೆ ಚಾಚಿದಳು. ಆ ಕೈ ನಡುಗುತ್ತಿದ್ದುದು ಗುಡಿಯ ಮೆಟ್ಟಿಲ ಹತ್ತಿರ ನಿಂತಿದ್ದ ನನಗೂ ಕಾಣುತ್ತಿತ್ತು. ಹೆಂಗಸರ ಗುಂಪಿನಿಂದ ಅವ್ವ ಎದ್ದು ಹೋಗಿ ಅವಳ ಮಣಿಕಟ್ಟು ಹಿಡಿದುಕೊಂಡಳು.

"ತಗಿ ಕೈಯ" ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿ, "ಆ ಕಡೀಕೆ ಒತ್ತಿದವಳು ನಾನು. ನಂದೊಂದು, ಮುದ್ಕವ್ವಂದೊಂದು. ಎರಡೂ ನಾನೇ ಒತ್ತಿದ್ದು" ಎಂದಳು.

ಅಪ್ಪ, "ಏನಂದೆ?" ಎಂದ.

"ಅಸ ನಂದು. ಕೇಳ್ದೆ ಕಟ್ಟುದ್ರಿ. ಓಟೂ ನಂದೇ. ಅದ ನೀವು ಕೇಳಿದ್ರೂ ಕೊಡ್ತಿರ್ಲಿಲ್ಲ."

ಕಲ್ಲಿನ ಮೇಲಿನ ಕರ್ಪೂರ ಯಾರ ಕೈಯೂ ತಾಗದೆ ತಾನಾಗಿ ಉರಿದು ಮುಗಿಯಿತು. ಅಪ್ಪ ನನ್ನ ಕಡೆ ನೋಡಿದ. ನೀನೂನಾ ಎಂದು ಕೇಳುವ ನೋಟ. ನಾನು ಇಲ್ಲ ಎಂದು ತಲೆ ಆಡಿಸಿದೆ, ಅದು ನಿಜವೂ ಆಗಿತ್ತು. ಅಪ್ಪನನ್ನು ಅಷ್ಟು ಬೈದುಕೊಂಡೂ ಅವ್ವನ ಹಸು ಉಳಿಯಲೆಂದು ಅಪ್ಪ ಹೇಳಿದ ಗುರುತಿಗೇ ಒತ್ತಿ ಬಂದಿದ್ದೆ. ಕಾಲೇಜು ಓದಿದ ನನಗಿಲ್ಲದ ಎದೆ ಅವ್ವನಿಗೆ ಇತ್ತಲ್ಲ ಎಂದು ಆ ಗಳಿಗೆಯಲ್ಲಿ ಹೆಮ್ಮೆಯಾಯಿತು, ಹೆದರಿಕೆಯೂ ಆಯಿತು.

ಅವತ್ತೇ ಅವ್ವ ಹಸುವಿನ ಮೈ ತೊಳೆದು, ಹಣೆಗೆ ಅರಿಸಿನ ಕುಂಕುಮ ಇಟ್ಟು, ತಾನೇ ಹೊಡೆದುಕೊಂಡು ಮೇಲಿನ ಬೀದಿಗೆ ಹೋದಳು. ಅಪ್ಪ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ, ಅವಳು ದಾಟುವಾಗ ಪಕ್ಕಕ್ಕೆ ಸರಿದ. ಬಳುವಳಿ ಹಸು ಎಂದು ತಿಳಿದ ಮೇಲೆ ಬ್ಯಾರನ್ನಿನವನಿಗೂ ಒಳಗೇ ಅಳುಕು. "ಬ್ಯಾಡ ಕಣಕ್ಕ, ಹೆಣ್ಮಕ್ಕಳ ಸ್ವತ್ತು. ಕರನಾದ್ರೂ ಇಟ್ಕೊ" ಎಂದ.

"ಎರಡಕ್ಕೆ ಒಂದು ಅಂತಲ್ವಾ ಮಾತು? ತಾಯಿ ಬುಟ್ಟು ಕರ ಬದುಕ್ತದಾ? ಎರಡೂ ಇರ್ಲಿ ಇಲ್ಲೇ" ಎಂದಳು ಅವ್ವ. ಬರುವಾಗ ದಾರಿಯುದ್ದಕ್ಕೂ ಸೆರಗು ಬಾಯಿಗೆ ಒತ್ತಿಕೊಂಡೇ ಬಂದಳು. ರಾಗಿ ಮುದ್ದೆಗೆ ಮಜ್ಜಿಗೆಯಿಲ್ಲದ ಆ ತಿಂಗಳುಗಳನ್ನು ನಾನು ಮರೆತಿಲ್ಲ. ಹಸು ಮೇಲಿನ ಬೀದಿಯಿಂದ ಮೇಯಲು ಹೋಗುವಾಗ ನಮ್ಮ ಮನೆಯ ಹತ್ತಿರ ನಿಂತು ಕೂಗುತ್ತಿತ್ತು. ಅವ್ವ ಆ ಹೊತ್ತಿಗೆ ಒಳಗಿನ ಕೋಣೆ ಸೇರುತ್ತಿದ್ದಳು.

ಎದುರುಮನೆಯ ದಾರಿ ಮುಚ್ಚಲಿಲ್ಲ. ಅಪ್ಪ ತಾನಾಗಿ ಹೋಗಿ, "ತಪ್ಪಾಯ್ತು ಕಣವ್ವ" ಎಂದು ಅತ್ತೆಗೆ ಹೇಳಿ ಬಂದ. ಅವ್ವನಿಗೆ ಏನೂ ಹೇಳಲಿಲ್ಲ. ಬೈದಿದ್ದರೆ, ಒಂದು ದಿನ ಕೂಗಾಡಿದ್ದರೆ ಮನೆ ಹಗುರಾಗುತ್ತಿತ್ತು. ಅವನು ಅದರ ಬದಲು ಎಲ್ಲವನ್ನೂ ಕೇಳತೊಡಗಿದ. ರಾಗಿ ಚೆಲ್ಲಲೇ, ಗೊಬ್ಬರ ತರಲೇ, ನನ್ನ ಮದುವೆಗೆ ಈ ಗಂಡಾದೀತೇ, ಎಲ್ಲಕ್ಕೂ ಅವ್ವನ ಮುಖ ನೋಡುತ್ತಿದ್ದ. ಊರಿನ ಹೆಂಗಸರು ಇದನ್ನು ಅವ್ವನ ಗೆಲುವು ಎಂದರು. ನನಗೆ ಹಾಗೆ ಕಾಣಲಿಲ್ಲ. ಹೊಸದಾಗಿ ಪರಿಚಯವಾದವರ ಹತ್ತಿರ ಮಾತಾಡುವ ಹಾಗೆ ಅವನು ಹೆಂಡತಿಯ ಹತ್ತಿರ ಮಾತಾಡುತ್ತಿದ್ದ. ಅದನ್ನು ನೋಡುವುದು ಕಷ್ಟವಾಗುತ್ತಿತ್ತು.

ಮುಂದಿನ ಚುನಾವಣೆಗೂ ರೇಟು ಕೇಳಲು ಜನ ಬಂದರು. ಅಪ್ಪ ಜಗಲಿಯಿಂದ ಏಳದೆ, "ನಮ್ಮನೆ ಒಲೆನೇ ನಂಗೆ ಗೊತ್ತಾಗ್ಲಿಲ್ಲ ಕಣ್ರಪ್ಪ, ಊರಿನ್ ಒಲೆ ನಾನೇನ್ ಯೋಳ್ಲಿ" ಎಂದು ಕಳಿಸಿದ. ಆಮೇಲೆ ಯಾರೂ ಬರಲಿಲ್ಲ. ಲಕ್ವ ಹೊಡೆದು ಮಲಗುವ ತನಕ ಅವನು ಮತ್ತೆ ಬೆರಳು ಮಡಿಚಿ ಎಣಿಸಿದ್ದನ್ನು ನಾನು ಕಾಣಲಿಲ್ಲ.

ಅಪ್ಪ ತೀರಿಕೊಂಡು ಮೊದಲ ಅವರೆಕಾಯಿ ಕಾಲದಲ್ಲಿ ನಾನು ಊರಿಗೆ ಹೋಗಿದ್ದೆ. ಅವ್ವನೂ ನಾನೂ ಹಜಾರದಲ್ಲಿ ಕೂತು ಅವರೆಬೇಳೆ ಹಿಸುಕುತ್ತಿದ್ದೆವು. ಹೊರಗೆ ಯಾವುದೋ ಎಲೆಕ್ಷನ್ನಿನ ಮೈಕಿನ ಗಾಡಿ ಹೋಯಿತು. ಇಷ್ಟು ವರ್ಷ ಕೇಳದೆ ಉಳಿದದ್ದನ್ನು ಆಗ ಕೇಳಿದೆ.

"ಅವತ್ತು ಯಾಕವ್ವ ಆ ಕಡೆಗೆ ಒತ್ತಿದೆ? ಅಪ್ಪನ ಮೇಲಿನ ಸಿಟ್ಟಿಗಾ?"

ಅವ್ವ ಕೈ ನಿಲ್ಲಿಸಲಿಲ್ಲ. "ನಾನ್ಯಾಕವ್ವ ಆ ಕಡೀಕೆ ಒತ್ಲಿ? ಬಾಜಿಗಿಕ್ಕಿದ್ದು ನನ್ನ ಅಸವ ಅಲ್ವಾ? ನಿಮ್ಮಪ್ಪ ಯೋಳಿದ್ದಕ್ಕೇ ಒತ್ತಿದ್ದು. ಮುದ್ಕವ್ವಂದೂವೆ."

ನನಗೆ ಒಂದು ಗಳಿಗೆ ಅರ್ಥವೇ ಆಗಲಿಲ್ಲ. ಊರಿಗೆ ಊರೇ, ಯಜಮಾನರು, ಓದಿದ ನಾನು, ಒಬ್ಬರಿಗೂ ಇದು ಹೊಳೆದಿರಲಿಲ್ಲ. ತನ್ನ ಹಸುವನ್ನು ಕಳೆದುಕೊಳ್ಳಲು ಯಾವ ಹೆಂಗಸು ಓಟು ಹಾಕುತ್ತಾಳೆ?

"ಮತ್ತೆ ಗುಡೀಲಿ ದೇವರ ಮುಂದೆ ಸುಳ್ಳು ಹೇಳಿದ್ಯಾ?"

"ಅವಳ ಕೈ ನಡುಗ್ತಿತ್ತು ಕಣವ್ವ. ಒಬ್ನೇ ಮಗ ಅವ್ಳಿಗೆ. ಅವ್ಳು ಯಾವುದ್ಕೆ ಒತ್ತಿದ್ಳೋ, ಅದು ಅವಳ್ದು. ನಾನು ಕೇಳ್ಳಿಲ್ಲ." ಒಂದು ಹಿಡಿ ಬೇಳೆ ಪಾತ್ರೆಗೆ ಹಾಕಿ, "ನನ್ನ ಯಾರು ಕರ್ಪೂರ ಆರ್ಸು ಅಂದ್ರು? ಒಬ್ರೂ ಅನ್ಲಿಲ್ಲ" ಎಂದಳು.

"ಅಪ್ಪಂಗೆ ಆಮೇಲಾದ್ರೂ ಹೇಳ್ಬೋದಿತ್ತಲ್ಲವ್ವ."

"ಯೋಳಿದ್ರೆ ತಿರುಗಾ ಆ ಮನೆ ಬಾಗ್ಲಿಗೇ ಓಗಿರೋರು. ಸಾಯೋ ವೊತ್ನಲ್ಲಿ ಕಿವಿ ಹತ್ರ ಯೋಳ್ದೆ. ಮಾತು ಬಿದ್ದೋಗಿತ್ತಲ್ಲ. ಕೇಳುಸ್ತೋ ಇಲ್ವೋ, ಕಾಣೆ."

ಅವಳ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ. ಬಾಜಿ ಸೋಲಿಸಿದ ಆ ಎರಡು ಓಟು ಯಾವ ಒಲೆಯವು ಎಂಬುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅಪ್ಪ ತನ್ನ ಲೆಕ್ಕಕ್ಕೆ ಸಿಗದ ಒಲೆ ತನ್ನ ಮನೆಯದೇ ಎಂದು ನಂಬಿಕೊಂಡೇ ಹಾಸಿಗೆ ಹಿಡಿದ. ನಮ್ಮ ಮನೆಯ ಲೆಕ್ಕವನ್ನು ಮಾತ್ರ ಅವನು ಸರಿಯಾಗಿ ಎಣಿಸಿದ್ದ.